ನಾನು ವಿಮೆ ಕೂತ ದಿನ

ನನ್ನ ಗಂಡ ವಿಮೆ. ವಿಮೆ ಮಾಡಿಸುವವರಲ್ಲ, ವಿಮೆ ಕಚೇರಿಯಲ್ಲಿ ಕೂತು ಬರೆಯುವವರೂ ಅಲ್ಲ. ಅವರೇ ವಿಮೆ. ಹೊರಗಿನವರಿಗೆ ಹೀಗೆಂದರೆ ಎರಡು ಸಲ ಕೇಳುತ್ತಾರೆ, ಆಮೇಲೆ ನನ್ನ ಮುಖವನ್ನೇ ನೋಡುತ್ತಾರೆ. ಅವರ ಊರುಗಳಲ್ಲಿ ಸಾಮಾನು ಸಾಗಿಸುವವರು ಕಟ್ಟಡದೊಳಗೆ ಬರಬೇಕಾದರೆ ಒಂದು ಕಾಗದ ತೋರಿಸಿದರೆ ಸಾಕಂತೆ. ಗೋಡೆಗೆ ಏನಾದರೂ ಆದರೆ ಆ ಕಾಗದ ನೋಡಿಕೊಳ್ಳುತ್ತದಂತೆ. ಅದು ಹೇಗೆ ನೋಡಿಕೊಳ್ಳುತ್ತದೋ ನನಗಂತೂ ತಿಳಿಯದು. ಕಾಗದಕ್ಕೆ ಬೆನ್ನಿದೆಯೇ, ಪಕ್ಕೆಲುಬಿದೆಯೇ?

ನಮ್ಮೂರಿನಲ್ಲಿ ಕಟ್ಟಡಕ್ಕೆ ಏಟು ಬಿದ್ದರೆ ಅದರಲ್ಲಿ ವಾಸವಾಗಿರುವವರಿಗೆ ನೋವಾಗುತ್ತದೆ. ಬಾಗಿಲಿನ ಚೌಕಟ್ಟಿಗೆ ಬೀರು ತಗುಲಿದರೆ ಯಾರದೋ ಭುಜ, ಮೆಟ್ಟಿಲಿನ ಅಂಚು ಕಿತ್ತುಹೋದರೆ ಯಾರದೋ ಮೊಣಕಾಲು. ಯಾರದೆಂದು ಮೊದಲೇ ಹೇಳಲು ಬರುವುದಿಲ್ಲ. ಆದ್ದರಿಂದ ನಾವು ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಕ್ಯಾಲೆಂಡರನ್ನು ಮೈದಾ ಅಂಟಿನಿಂದ ಅಂಟಿಸುತ್ತೇವೆ, ದೇವರ ಪಟವನ್ನು ಸ್ಟೂಲಿನ ಮೇಲೆ ಕೂರಿಸುತ್ತೇವೆ. ಸಿಟ್ಟು ಬಂದಾಗ ಬಾಗಿಲನ್ನು ದಢಾರನೆ ಹಾಕಿಕೊಳ್ಳುವ ಸುಖ ನಮ್ಮೂರಿನ ಹೆಂಗಸರ ಹಣೆಯಲ್ಲಿ ಬರೆದಿಲ್ಲ. ಗಾರೆ ಕೆಲಸ ಇರುವ ದಿನ ಇಡೀ ಕಟ್ಟಡದವರು ನೆಂಟರ ಮನೆಗೆ ಹೊರಟುಬಿಡುತ್ತಾರೆ. ಹೋದರೂ ತಪ್ಪುವುದಿಲ್ಲ, ಅಲ್ಲಿ ಎಲೆಯ ಮುಂದೆ ಕೂತು ಅನ್ನಕ್ಕೆ ಸಾರು ಕಲಸುತ್ತ ಕಲಸುತ್ತ ಹಾ ಹೂ ಎನ್ನುತ್ತಿರುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಮನೆ ಬದಲಾಯಿಸುವುದು. ಮಂಚ, ಬೀರು, ಫ್ರಿಜ್ಜು, ಹಂಡೆ ಎಲ್ಲ ಇಕ್ಕಟ್ಟಿನ ಮೆಟ್ಟಿಲುಗಳಲ್ಲಿ ಹತ್ತಬೇಕು. ಎಷ್ಟು ಜೋಪಾನ ಮಾಡಿದರೂ ಎಲ್ಲಾದರೂ ಒಂದು ಕಡೆ ಗುದ್ದಿಯೇ ಗುದ್ದುತ್ತದೆ. ಅದಕ್ಕೇ ಸಾಗಿಸುವವರು ಲಾರಿಯ ಜೊತೆಗೆ ಒಬ್ಬ ವಿಮೆಯನ್ನೂ ಕರೆತರುತ್ತಾರೆ. ಆ ಮನುಷ್ಯ ಗೇಟಿನ ಕಂಬದ ಮೇಲೆ ಅಂಗೈ ಇಟ್ಟು, 'ಇವತ್ತು ಇಲ್ಲಿಗೆ ಬೀಳೋದೆಲ್ಲ ನನ್ನ ಮೇಲೆ ಬರಲಿ' ಎಂದು ಹೇಳಿ ಅಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಕೊನೆಯ ಸೌಟು ಒಳಗೆ ಹೋಗುವವರೆಗೆ ಆ ಕಟ್ಟಡಕ್ಕೆ ಬಿದ್ದ ಏಟೆಲ್ಲ ಅವನ ಮೈಗೆ. ವಿಮೆ ಇಲ್ಲದ ಲಾರಿಯನ್ನು ಯಾವ ಕಟ್ಟಡದವರೂ ಗೇಟಿನೊಳಗೆ ಬಿಡುವುದಿಲ್ಲ.

ನಮ್ಮ ಯಜಮಾನರಿಗೆ ಈ ಕೆಲಸದಲ್ಲಿ ದೊಡ್ಡ ಹೆಸರಿದೆ. ಹೆಸರು ನಾನು ಹೇಳುವುದಿಲ್ಲ, ಊರಿನವರು ವಿಮೆ ತಿಮ್ಮಯ್ಯ ಎನ್ನುತ್ತಾರೆ. ಆಳು ದಪ್ಪ, ಕೂತರೆ ಕುರ್ಚಿ ಕಾಣುವುದಿಲ್ಲ. ಅವರನ್ನು ಕಂಡೊಡನೆ ಕಟ್ಟಡದವರು ನಿಟ್ಟುಸಿರು ಬಿಟ್ಟು ಗೇಟು ತೆರೆಯುತ್ತಾರೆ. ನನಗೆ ಮಾತ್ರ ಈ ಕೆಲಸದ ಮೇಲೆ ಯಾವತ್ತೂ ಗೌರವ ಇರಲಿಲ್ಲ. ಬೆಳಿಗ್ಗೆ ಹೋಗಿ ಕುರ್ಚಿಯ ಮೇಲೆ ಕೂತು ಸಂಜೆ ಎದ್ದು ಬರುವುದು ಒಂದು ದುಡಿಮೆಯೇ? ಬಂದವರು ಉಶ್ಶೆಂದು ಮಂಚಕ್ಕೆ ಬೀಳುತ್ತಿದ್ದರು. ನಾನು ಬಿಸಿನೀರು ಕಾಯಿಸಿ ಶಾಖ ಕೊಡುತ್ತ, ಇದರಲ್ಲಿ ಅರ್ಧ ನೋವು, ಅರ್ಧ ನಾಟಕ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಮನಸ್ಸಿನಲ್ಲೇ ಎಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ನನ್ನ ನಾಲಿಗೆ ಸ್ವಲ್ಪ ಉದ್ದ.

ಆದರೂ ಅವರ ಮೊಣಕಾಲು ಕೆಟ್ಟಿದ್ದು ನಾಟಕವಾಗಿರಲಿಲ್ಲ. ಊರಿನ ಮೆಟ್ಟಿಲುಗಳ ಪೆಟ್ಟೆಲ್ಲ ಅಲ್ಲಿ ಸೇರಿ, ನಮ್ಮ ಹಳೆಯ ಮನೆಯ ಮೆಟ್ಟಿಲು ಹತ್ತಲು ಅವರು ನಡುವೆ ಎರಡು ಕಡೆ ಕೂರುತ್ತಿದ್ದರು. ಕೊನೆಗೆ ಊರಿನ ಪೇಟೆ ಬೀದಿಯಲ್ಲಿ ಲಿಫ್ಟ್ ಇರುವ ಕಟ್ಟಡವೊಂದರಲ್ಲಿ ಮೂರನೇ ಮಹಡಿಯ ಮನೆ ಖಾಲಿಯಾಯಿತು. ಕೇಳಿದೆವು, ಆಗಲಿ ಎಂದರು. ನಮ್ಮೂರಿನ ಪದ್ಧತಿ ನಿಮಗೆ ಹೇಳಬೇಕು. ಮನೆ ಬದಲಾಯಿಸುವ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಸಾಮಾನೆಲ್ಲ ಕಟ್ಟಡದ ಒಳಗಿರಬೇಕು, ಹೊಸಬರು ಅಲ್ಲಿ ದೀಪ ಹಚ್ಚಿರಬೇಕು. ಆಗಲಿಲ್ಲವೋ, ಮನೆ ಸರದಿಯಲ್ಲಿ ಹಿಂದಿರುವವರಿಗೆ. ಲಿಫ್ಟ್ ಇರುವ ಮನೆಗೆ ಸರದಿ ಇರದೆ ಇರುತ್ತದೆಯೇ? ಹಳೆಯ ಮನೆಯ ಬೀಗದ ಕೈಯನ್ನು ಬೇರೆ ನಾವು ಆಗಲೇ ಕೊಟ್ಟುಬಿಟ್ಟಿದ್ದೆವು.

ಇಂಥ ದಿನದ ಹಿಂದಿನ ದಿನವೇ ನಮ್ಮವರು ಯಾರದೋ ಮನೆಯ ಬೀರುವಿಗೆ ವಿಮೆ ಕೂತು ಪಕ್ಕೆಗೆ ಏಟು ತಿಂದು ಬಂದರು. ಅಂಗೈಯಗಲ ನೀಲಿಗಟ್ಟಿತ್ತು. ವಿಮೆಯ ಮೈಯಲ್ಲಿ ನೀಲಿ ಪೆಟ್ಟಿದ್ದರೆ ಅದು ಹಳದಿಗೆ ತಿರುಗುವವರೆಗೆ ಹೊಸದಕ್ಕೆ ಕೂರುವಂತಿಲ್ಲ. ಅವರ ಕಂಪನಿಯ ಇನ್ನೊಬ್ಬ ವಿಮೆ ಸೋದರಳಿಯನ ಮದುವೆಗೆ ಹೋಗಿದ್ದ.

"ಎರಡು ದಿನ ಮೊದಲೇ ಹೇಳಿದ್ರೆ ಬೇರೆ ಯಾರನ್ನಾದ್ರೂ ಹುಡುಕಬಹುದಿತ್ತು," ಎಂದರು ನಮ್ಮವರು, ತಮ್ಮ ಪಕ್ಕೆಗೆ ತಾವೇ ಹೇಳುವ ಹಾಗೆ.

"ಹಳದಿ ತಾನೇ ಆಗ್ಬೇಕಾದ್ದು? ಇರಿ," ಎಂದು ನಾನು ಅಡುಗೆಮನೆಗೆ ಹೋಗಿ ಅರಿಶಿನ ಕಲಸಿಕೊಂಡು ಬಂದೆ. ಬೆಳಿಗ್ಗೆ ಹೊರಡುವ ಮುಂಚೆ ನೀಲಿಯ ಮೇಲೆ ತೆಳ್ಳಗೆ, ಚೆನ್ನಾಗಿ ಹರಡಿ ಹಚ್ಚಿದೆ. ಮದುಮಗನಿಗೂ ಅಷ್ಟು ಪ್ರೀತಿಯಿಂದ ಯಾರೂ ಹಚ್ಚಿರಲಾರರು.

ಲಾರಿ ಕಟ್ಟಡದ ಮುಂದೆ ನಿಂತಾಗ ಮಧ್ಯಾಹ್ನವಾಗಿತ್ತು. ನಮಗಿಂತ ಮೊದಲೇ ಅಲ್ಲಿ ಇನ್ನೊಂದು ಲಾರಿ ತುಂಬಿಕೊಂಡು ನಿಂತಿತ್ತು. ಅದರ ಮುಂದಿನ ಸೀಟಿನಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಅವಳ ವಿಮೆ, ಗುಂಡುಕಲ್ಲಿನಂಥ ಆಸಾಮಿ, ಮೈಮೇಲೆ ಒಂದು ಕಲೆಯೂ ಇಲ್ಲದೆ ನಿದ್ದೆ ಹೊಡೆಯುತ್ತಿದ್ದ.

"ನಮ್ಮದು ನಿಮ್ಮ ಹಿಂದಿನ ಸರದಿ," ಎಂದಳು ಆಕೆ ನಗುತ್ತ. "ಅವಸರ ಇಲ್ಲ, ನಿಧಾನಕ್ಕೆ ಮಾಡ್ಕೊಳ್ಳಿ. ನಾವು ದೀಪದ ಹೊತ್ತಿನವರೆಗೂ ಇರ್ತೀವಿ." ಇಷ್ಟು ಒಳ್ಳೆಯ ಮಾತು ಇಷ್ಟು ಕೆಟ್ಟದಾಗಿ ಕೇಳಿಸಿದ್ದು ನನಗೆ ಅದೇ ಮೊದಲು.

ಗೇಟಿನಲ್ಲಿ ಕಟ್ಟಡದ ಕಾರ್ಯದರ್ಶಿ ಪಾರ್ಶ್ವನಾಥಯ್ಯನವರು ನಿಂತಿದ್ದರು. ತೆಳ್ಳನೆಯ, ಉದ್ದನೆಯ ಮುದುಕರು. ಅಂಥ ಬಿಸಿಲಿನಲ್ಲೂ ತುಂಬುತೋಳಿನ ಶರ್ಟು, ಕುತ್ತಿಗೆಯವರೆಗೆ ಗುಂಡಿ, ಕೈಯಲ್ಲಿ ಬೆತ್ತ. ಕೆಳಗಿನ ಮನೆಯಲ್ಲಿ ಒಬ್ಬರೇ ಇರುತ್ತಾರೆಂದೂ, ಈ ಗೇಟು ಅವರ ಕಣ್ಣು ತಪ್ಪಿಸಿ ಒಂದು ಪೊರಕೆಯನ್ನೂ ಒಳಗೆ ಬಿಡುವುದಿಲ್ಲವೆಂದೂ ಕೇಳಿದ್ದೆ.

"ವಿಮೆ ತೋರಿಸಿ," ಎಂದರು.

ನಮ್ಮವರು ಮುಂದೆ ಬಂದು ನಿಂತರು. ಪಾರ್ಶ್ವನಾಥಯ್ಯನವರ ಮುಖ ಅರಳಿತು. "ಓಹೋ, ತಿಮ್ಮಯ್ಯ. ನಿಮ್ಮದೇ ಮನೆಗೆ ನೀವೇ ವಿಮೆ. ಒಳ್ಳೇದು. ಅಂಗಿ ಎತ್ತಿ."

ನಮ್ಮವರು ಎಡಗಡೆ ಎತ್ತಿದರು.

"ಎರಡೂ ಕಡೆ."

ಬಲಗಡೆಯನ್ನೂ ಎತ್ತಬೇಕಾಯಿತು. ಪಾರ್ಶ್ವನಾಥಯ್ಯನವರು ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

"ಇದೇನಪ್ಪ ಇದು?"

"ಹಳೇ ಪೆಟ್ಟು ಸಾರ್. ಹಳದಿಗೆ ತಿರುಗಿದೆ," ಎಂದೆ ನಾನು ನಡುವೆ ಬಾಯಿ ಹಾಕಿ.

"ಹಳದಿ ಅಲ್ಲಮ್ಮ, ಹಸಿರು. ಈ ಗೇಟಲ್ಲಿ ನೀಲಿ ನೋಡಿದೀನಿ, ಕಪ್ಪು ನೋಡಿದೀನಿ, ಹಳದಿ ನೋಡಿದೀನಿ. ಪಾಚಿ ಬಣ್ಣದ ಪೆಟ್ಟು ಇವತ್ತೇ ನೋಡ್ತಿರೋದು." ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಪಕ್ಕೆಯ ಮೇಲೆ ಉಜ್ಜಿದರು. ಬೆರಳಿಗೆ ಅರಿಶಿನ ಬಂತು, ಪಕ್ಕೆಯಲ್ಲಿ ನೀಲಿ ಉಳಿಯಿತು. ಆ ಬೆರಳನ್ನು ನನ್ನ ಮುಂದೆ ಹಿಡಿದರು. ನಾನು ಆಕಾಶ ನೋಡಿದೆ. ಆಚೆ ಲಾರಿಯಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

"ಬೇರೆ ವಿಮೆ ಇದ್ರೆ ತನ್ನಿ. ಇಲ್ದಿದ್ರೆ ಲಾರಿ ಪಕ್ಕಕ್ಕೆ ಹಾಕ್ಸಿ, ಹಿಂದಿನೋರು ಬರಲಿ," ಎಂದರು ಪಾರ್ಶ್ವನಾಥಯ್ಯನವರು.

ನಮ್ಮವರು ಅಂಗಿ ಇಳಿಸಿ ತಲೆ ತಗ್ಗಿಸಿ ನಿಂತರು. ಅಷ್ಟು ದೊಡ್ಡ ಆಳು ಅಷ್ಟು ಚಿಕ್ಕದಾಗಿ ಕಂಡದ್ದನ್ನು ನಾನು ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಾನು ಕೂರ್ತೀನಿ ವಿಮೆ," ಎಂದೆ.

"ಬೇಡ ಕಣೇ. ನಿನಗೆ ಗೊತ್ತಿಲ್ಲ," ಎಂದರು ನಮ್ಮವರು.

"ಕುರ್ಚಿ ಮೇಲೆ ಕೂರೋದಕ್ಕೆ ಗೊತ್ತಿರಬೇಕಾದ್ದು ಏನ್ರೀ ಇದೆ?"

ಪಾರ್ಶ್ವನಾಥಯ್ಯನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ನಾನು ಸಣಕಲು ಮೈಯವಳು. "ನಿಮ್ಮ ಮೇಲೆ ಏನು ಹೊರಿಸೋಕಾಗುತ್ತಮ್ಮ? ಒಂದು ಚಾಪೆ, ಎರಡು ದಿಂಬು. ಅಷ್ಟೆ."

"ಇವರನ್ನ ಇಷ್ಟು ವರ್ಷ ಸಾಕಿದೀನಲ್ಲ ಸಾರ್, ಅದಕ್ಕಿಂತ ಭಾರದ ಬೀರು ಈ ಊರಲ್ಲಿದ್ರೆ ತೋರ್ಸಿ."

ಆಚೆ ಲಾರಿಯ ಹೆಂಗಸು ಕಿಸಕ್ಕನೆ ನಕ್ಕಳು. ಪಾರ್ಶ್ವನಾಥಯ್ಯನವರು ನಗಲಿಲ್ಲ. ಹೆಂಗಸರು ಕೂರಬಾರದೆಂದು ಎಲ್ಲಿಯೂ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡು ಕಂಬ ತೋರಿಸಿದರು. ನಾನು ಅಂಗೈ ಇಟ್ಟೆ. ಕಂಬ ತಣ್ಣಗಿತ್ತು. 'ಇವತ್ತು ಇಲ್ಲಿಗೆ ಬೀಳೋದೆಲ್ಲ ನನ್ನ ಮೇಲೆ ಬರಲಿ' ಎಂದು ಬಾಯಿ ಹೇಳಿತು. ಮನಸ್ಸು ಮಾತ್ರ, 'ದೇವರೇ, ಬೇರೆ ಯಾರ ಮೇಲಾದ್ರೂ ಹಾಕಪ್ಪ' ಎಂದಿತು. ಎರಡನ್ನೂ ನಾನೇ ಕೇಳಿಸಿಕೊಂಡೆ.

ಇನ್ನು ಉಳಿದದ್ದು ಪರೀಕ್ಷೆ. ವಿಮೆ ಹತ್ತಿದೆಯೋ ಇಲ್ಲವೋ ನೋಡಲು ಕಾರ್ಯದರ್ಶಿ ಕಂಬಕ್ಕೆ ಒಂದು ಸಣ್ಣ ಏಟು ಕೊಡುತ್ತಾರೆ, ವಿಮೆ ಕೂತವರಿಗೆ ಅದು ತಾಗಬೇಕು. ಪಾರ್ಶ್ವನಾಥಯ್ಯನವರು ಬೆತ್ತ ಎತ್ತಿದರು. ನಾನು ಹಲ್ಲು ಕಚ್ಚಿ ಕಣ್ಣು ಮುಚ್ಚಿದೆ. ಎಲ್ಲಿ ತಾಗುತ್ತದೋ ಎಂದು ಮೈಯೆಲ್ಲ ಕಿವಿಯಾಯಿತು. ಮನೆ, ಲಿಫ್ಟು, ಅವರ ಮೊಣಕಾಲು, ಆಚೆ ಲಾರಿ ಎಲ್ಲ ಕಣ್ಣ ಮುಂದೆ ಬಂದು, "ಅಯ್ಯೋ!" ಎಂದು ಕಿರುಚಿಬಿಟ್ಟೆ.

ಕಣ್ಣು ಬಿಟ್ಟಾಗ ಪಾರ್ಶ್ವನಾಥಯ್ಯನವರು ಬೆತ್ತವನ್ನು ಕಂಬಕ್ಕೆ ಆನಿಸಿ ನನ್ನನ್ನೇ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಆಮೇಲೆ, "ಸರಿ, ಸಾಮಾನು ಇಳಿಸಿ," ಎಂದರು. ನನಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ತಾವು ಎದುರಿಗೆ ಸ್ಟೂಲು ಹಾಕಿಕೊಂಡು, ಆಯಾಸವಾದವರ ಹಾಗೆ ಕಂಬದ ಮೇಲೆ ಒಂದು ಕೈ ಇಟ್ಟು ಕೂತರು.

ಸಾಮಾನು ಹೊರುವವರು ಮೂವರು, ಮಾದೇಶ ಅವರ ಮುಖಂಡ. ಸಾಮಾನಿಗೆ ಲಿಫ್ಟ್ ಇಲ್ಲ, ಅದು ಜನರಿಗೆ ಮಾತ್ರ. ಮೊದಲು ಮಂಚ ಹೊತ್ತರು. ನಮ್ಮವರನ್ನು ಕೂರಿಸಿಕೊಂಡು ಇಷ್ಟು ವರ್ಷ ಕೆಲಸ ಮಾಡಿ ಅವರಿಗೆ ಒಂದು ಧಾರಾಳತನ ಬಂದುಬಿಟ್ಟಿತ್ತು. ಗುದ್ದಿದರೆ ಏನಂತೆ, ಕೆಳಗೆ ಅಣ್ಣ ಇದ್ದಾನಲ್ಲ ಎಂದು ತಿರುವುಗಳಲ್ಲಿ ಕಣ್ಣುಮುಚ್ಚಿ ನುಗ್ಗುತ್ತಿದ್ದರು. ಮೊದಲನೇ ತಿರುವಿನಲ್ಲೇ ಢಣ್ ಎಂದಿತು.

ನಾನು ಕಾದೆ. ಏನೂ ಆಗಲಿಲ್ಲ. ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಆದರೆ ಸುಮ್ಮನಿದ್ದರೆ ಗುಟ್ಟು ಬಯಲಾದೀತೆಂದು, "ಅಯ್ಯೋ!" ಎಂದೆ.

ನಮ್ಮವರು ಮೇಲಿನಿಂದ ಕುಂಟುತ್ತ ಓಡಿ ಬಂದರು. "ಎಲ್ಲಿ ಬಿತ್ತೇ? ಎಲ್ಲಿ?"

"ಭುಜ," ಎಂದೆ ತೋಚಿದ್ದನ್ನು. ಅವರ ಮುಖದ ಬಣ್ಣವೇ ಇಳಿಯಿತು. ಮತ್ತೆ ಕುಂಟುತ್ತ ಮೇಲೆ ಹೋಗಿ, "ಮೆಲ್ಲಗೆ ಕಣ್ರೋ, ನಮ್ಮೋಳು ಕೂತಿದಾಳೆ!" ಎಂದು ಕೂಗುತ್ತ ಮಂಚಕ್ಕೆ ಅಡ್ಡ ನಿಂತರು. ಅವರನ್ನು ತಪ್ಪಿಸಲು ಹೋಗಿ ಮಾದೇಶ ಇನ್ನೊಂದು ಕಡೆ ಗುದ್ದಿಸಿದ. ನಾನು ಮತ್ತೆ ಅಯ್ಯೋ ಎಂದೆ. ಅವರು ಮತ್ತೆ ಇಳಿದು ಬಂದರು.

ಹೀಗೇ ನಡೆಯಿತು ಮಧ್ಯಾಹ್ನವೆಲ್ಲ. ನಾನು ಕೂಗಿದಷ್ಟೂ ಅವರಿಗೆ ಗಾಬರಿ, ಅವರು ಗಾಬರಿಯಾದಷ್ಟೂ ಹೊರುವವರಿಗೆ ಗಲಿಬಿಲಿ, ಗಲಿಬಿಲಿಯಾದಷ್ಟೂ ಗುದ್ದು. ನಮ್ಮ ಸಾಮಾನು ಆ ಮೆಟ್ಟಿಲುಗಳಲ್ಲಿ ಹತ್ತಿದಷ್ಟು ಕೆಟ್ಟದಾಗಿ ಯಾರ ಸಾಮಾನೂ ಯಾವತ್ತೂ ಹತ್ತಿರಲಾರದು. ನಾನು ಮಾತ್ರ ಬೆಚ್ಚಗೆ ಕೂತಿದ್ದೆ. ಬರುಬರುತ್ತ ನನಗೆ ಕಸುಬು ಕೈಗೆ ಹತ್ತಿತು. ಸ್ಟೂಲಿಗೆ ಒಂದು ಉಶ್, ಕಪಾಟಿಗೆ ಅಯ್ಯಪ್ಪಾ, ಫ್ರಿಜ್ಜಿಗೆ ಅಯ್ಯಯ್ಯೋ ಸತ್ತೆ ಎಂದು ಸಾಮಾನಿಗೆ ತಕ್ಕಂತೆ ಕೂಗಿದೆ. ಆಚೆ ಲಾರಿಯ ಹೆಂಗಸಿಗೇ ಕನಿಕರ ಹುಟ್ಟಿ ಕುಡಿಯಲು ಮಜ್ಜಿಗೆ ಕಳಿಸಿದಳು. ಕುಡಿದೆ.

ಹೊರಗೆ ಕೂಗುತ್ತಿದ್ದರೂ ಒಳಗೆ ನನಗೆ ಸಿಟ್ಟು ಕುದಿಯುತ್ತಿತ್ತು. ಹಾಗಾದರೆ ಇದರಲ್ಲಿ ನೋವೇ ಇಲ್ಲ! ಮದುವೆಯಾದಾಗಿನಿಂದ ಈ ಮನುಷ್ಯ ನನ್ನ ಕೈಯಲ್ಲಿ ಶಾಖ ಕೊಡಿಸಿಕೊಂಡದ್ದೇನು, ಬಿಸಿ ಹಾಲು ಕುಡಿದದ್ದೇನು, ಮಗ್ಗುಲು ಬದಲಾಯಿಸಲಾಗದೆ ನರಳಿದ್ದೇನು! ನೀಲಿ ಕಲೆ ಎಲ್ಲಿಂದ ಬಂತು ಎಂದು ಒಂದು ಗಳಿಗೆ ಯೋಚಿಸಿದೆ. ದಪ್ಪ ಮೈ, ಎಲ್ಲಾದರೂ ತಾಗಿಸಿಕೊಂಡಿರಬೇಕು ಎಂದು ಅದಕ್ಕೂ ಸಮಾಧಾನ ಹುಡುಕಿದೆ. ಮನೆಯೊಳಗೆ ದೀಪ ಹಚ್ಚಿ ಆಗಲಿ, ಇವರಿಗೆ ಇದೆ ಇವತ್ತು ಎಂದುಕೊಂಡೆ.

ಎದುರಿಗೆ ಪಾರ್ಶ್ವನಾಥಯ್ಯನವರು ಕಂಬದಿಂದ ಕೈ ತೆಗೆಯದೆ ಕೂತಿದ್ದರು. ಅವರಿಗೆ ಏನೋ ನರದ ತೊಂದರೆ ಇರಬೇಕು ಎನ್ನಿಸಿತು. ಇದ್ದಕ್ಕಿದ್ದಂತೆ ಬೆಚ್ಚಿಬೀಳುತ್ತಿದ್ದರು, ತುಟಿ ಬಿಗಿಯುತ್ತಿದ್ದರು, ಹಣೆಯಲ್ಲಿ ಬೆವರು. ನಾನು ಕೂಗಿದಾಗಲೆಲ್ಲ ಮಾತ್ರ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದರು. "ಮಜ್ಜಿಗೆ ಬೇಕಾ ಸಾರ್?" ಎಂದೆ. ಬೇಡ ಎಂದು ತಲೆಯಾಡಿಸಿದರು.

ಬಿಸಿಲು ಎದುರು ಮನೆಯ ಮಾಳಿಗೆಗೆ ಹತ್ತಿದಾಗ ಉಳಿದದ್ದು ರುಬ್ಬುಗುಂಡು ಒಂದೇ. ಈ ಒಂದು ಕಲ್ಲಿಗಾಗಿ ನಾನೂ ನಮ್ಮವರೂ ಪ್ರತಿ ಸಲ ಮನೆ ಬದಲಾಯಿಸುವಾಗಲೂ ಜಗಳ ಆಡಿದ್ದೇವೆ. ಬಿಟ್ಟು ಬರೋಣ ಎನ್ನುತ್ತಾರೆ ಅವರು. ಅದರಲ್ಲಿ ರುಬ್ಬಿದ ಚಟ್ನಿ ಬೇಡವೆಂದು ಮಾತ್ರ ಯಾವತ್ತೂ ಅನ್ನಲಿಲ್ಲ. ಹೊರುವವರು ಮೂವರೂ ಸೇರಿ ಅದನ್ನು ಹಗ್ಗದಲ್ಲಿ ಬಿಗಿದು ಗೇಟಿನೊಳಗೆ ತಂದರು.

ಪಾರ್ಶ್ವನಾಥಯ್ಯನವರು ಅದನ್ನು ನೋಡಿ ಎದ್ದು ನಿಂತರು. "ಅಮ್ಮ, ಅದೊಂದು ಬೇಡ."

"ಬೇಡ ಅಂದ್ರೆ ಹೇಗೆ ಸಾರ್? ಸಾಮಾನೆಲ್ಲ ಒಳಗಿರಬೇಕು ಅನ್ನೋ ನಿಯಮ ಅಲ್ವಾ? ಹೊರಗೆ ಉಳಿದ್ರೆ ಅವರು ಬಿಡ್ತಾರಾ?" ಎಂದು ಆಚೆ ಲಾರಿಯ ಕಡೆ ಕಣ್ಣು ತೋರಿಸಿದೆ. ಅಲ್ಲಿ ಆ ಹೆಂಗಸು ಸಿಪ್ಪೆಗಳನ್ನು ಒಟ್ಟು ಮಾಡಿ, ವಿಮೆಯವನನ್ನು ಎಬ್ಬಿಸಿ, ಮುಖ ತೊಳೆದುಕೊಳ್ಳಲು ಹೇಳುತ್ತಿದ್ದಳು.

"ಹೌದು. ನಿಯಮ," ಎಂದರು ಪಾರ್ಶ್ವನಾಥಯ್ಯನವರು. ಮಾದೇಶನ ಕಡೆಯವರು ಕಲ್ಲನ್ನೆತ್ತಿ ಮೆಟ್ಟಿಲು ಹತ್ತತೊಡಗಿದರು. ಹಿಂದೆ ನಮ್ಮವರು ಹತ್ತಿದರು. ಪಾರ್ಶ್ವನಾಥಯ್ಯನವರು ಕಂಬದ ಕಡೆ ತಿರುಗಿ ಈ ಸಲ ಎರಡೂ ಕೈಯನ್ನು ಅದರ ಮೇಲಿಟ್ಟರು. ಕೈ ಎತ್ತಿದಾಗ ಶರ್ಟಿನ ತೋಳು ಕೆಳಕ್ಕೆ ಜಾರಿತು. ಮೊಣಕೈ ಊದಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಮಣಿಕಟ್ಟಿನಿಂದ ಮೇಲಕ್ಕೆ ಹೊಸ ಪೆಟ್ಟಿನ ಪಕ್ಕದಲ್ಲಿ ಹಳೇ ಪೆಟ್ಟು, ಹಳೇ ಪೆಟ್ಟಿನ ಪಕ್ಕದಲ್ಲಿ ಇನ್ನೂ ಹಳೆಯದು.

ಮಂಚ, ಕಪಾಟು, ಫ್ರಿಜ್ಜಿನ ಏಟೆಲ್ಲ ಎಲ್ಲಿಗೆ ಹೋದವೆಂದು ಆಗ ಗೊತ್ತಾಯಿತು.

"ಸಾರ್, ಇದು... ನೀವು..."

"ಮೆಲ್ಲಗೆ ಮಾತಾಡಮ್ಮ, ಆಚೆ ಲಾರಿಯೋರಿಗೆ ಕೇಳಿಸುತ್ತೆ," ಎಂದರು ತಿರುಗದೆ. "ನಿಮಗೆ ವಿಮೆ ಹತ್ತಿಲ್ಲ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ ನಾನೇ ನಿಮ್ಮನ್ನ ಹೊರಗೆ ಕಳಿಸಬೇಕಾಗುತ್ತೆ. ಮೇಲೆ ಬಸುರಿ ಹೆಂಗಸಿದಾಳೆ, ಮಕ್ಕಳಿದಾರೆ. ಅವರ ಮೇಲೆ ಬೀಳೋದಕ್ಕಿಂತ ನನ್ನ ಮೇಲೆ ಬೀಳಲಿ ಅಂತ ಇಟ್ಕೊಂಡೆ ಕೈ."

ನಾಚಿಕೆಯಿಂದ ನಾನು ನೆಲಕ್ಕೆ ಇಳಿದುಹೋದೆ. ಮಜ್ಜಿಗೆ ಬೇಕಾ ಎಂದು ಕೇಳಿದ್ದೆನಲ್ಲ ಈ ಮನುಷ್ಯನನ್ನು! ಕಲ್ಲು ನಿಲ್ಲಿಸ್ರೋ ಎಂದು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಲೆ ಎಲ್ಲೋ ಹಗ್ಗ ಜಾರಿದ ಸದ್ದು, ಮಾದೇಶನ ಕೂಗು, ಕಲ್ಲು ಮೆಟ್ಟಿಲಿಗೆ ಬಿದ್ದ ಮೊದಲನೇ ಸದ್ದು. ಇನ್ನು ಉರುಳಿಕೊಂಡು ಬರುತ್ತದೆ. ಆ ಮುದುಕರ ಬೆನ್ನು ಒಂದು ಗುದ್ದಿಗೂ ತಾಳುವ ಹಾಗಿರಲಿಲ್ಲ. ನಾನು ಕುರ್ಚಿಯಿಂದ ಹಾರಿ ಕಂಬಕ್ಕೆ ಅಂಗೈ ಬಡಿದು, "ನನ್ನ ಮೇಲೆ ಬರಲಿ!" ಎಂದೆ. ಈ ಸಲ ಮನಸ್ಸಿನಲ್ಲಿ ಬೇರೆ ಮಾತಿರಲಿಲ್ಲ.

ಮೆಟ್ಟಿಲಿನ ಮೇಲಿಂದ ನಮ್ಮವರ ದನಿಯೂ ಅದೇ ಕ್ಷಣಕ್ಕೆ ಕೇಳಿತು. ಪಕ್ಕೆಯ ನೀಲಿಯನ್ನೂ ಮರೆತು, ಗೋಡೆಗೆ ಕೈಯಿಟ್ಟು, "ನನ್ನ ಮೇಲೆ ಬರಲಿ, ಅವಳ ಮೇಲೆ ಬೇಡ!" ಎಂದು ಕೂಗಿದ್ದರು. ಪಾರ್ಶ್ವನಾಥಯ್ಯನವರು ಕಂಬ ಬಿಟ್ಟಿರಲಿಲ್ಲ.

ಕಲ್ಲು ಒಂದು ಸುತ್ತಿನ ಮೆಟ್ಟಿಲುಗಳನ್ನೆಲ್ಲ ಕಂಡು ಕೆಳಗಿನ ನಡುವಂಗಳಕ್ಕೆ ಬಂದು ನಿಂತಿತು. ಬಲಮೊಣಕಾಲಿನಲ್ಲಿ ಏನಾಯಿತೆಂದು ನಾನು ಹೇಳಲಾರೆ. ಕಣ್ಣು ಕತ್ತಲಿಟ್ಟಿತು, ಉಸಿರು ಒಳಕ್ಕೆ ಹೋದದ್ದು ಹೊರಗೆ ಬರಲಿಲ್ಲ. ಮಧ್ಯಾಹ್ನವೆಲ್ಲ ಅಷ್ಟು ಬಗೆಯಾಗಿ ಕೂಗಿದ ನನ್ನ ಬಾಯಿಯಿಂದ ಒಂದು ಚೂರು ಸದ್ದು ಹೊರಡಲಿಲ್ಲ. ಏಟು ಮೂವರಿಗೆ ಹಂಚಿಹೋಗಿತ್ತು, ನನಗೆ ಬಂದದ್ದು ಒಂದು ಪಾಲು ಮಾತ್ರ. ಒಂದು ಪಾಲೇ ಹೀಗಿದ್ದರೆ, ನಮ್ಮವರು ಇಷ್ಟು ವರ್ಷ ದಿನದಿನವೂ ಪೂರ್ತಿ ಹೊತ್ತು ಮನೆಗೆ ಬಂದು, ನನ್ನ ಮಾತನ್ನೂ ಕೇಳಿಕೊಂಡು, ಮಂಚಕ್ಕೆ ಬಿದ್ದು ಸುಮ್ಮನಾಗುತ್ತಿದ್ದರಲ್ಲ. ನೆನೆದು ನನಗೆ ಅಳು ಬಂತು. ನೋವಿಗೆ ಎಂದುಕೊಂಡರು ಎಲ್ಲರೂ, ನಾನೂ ತಿದ್ದಲಿಲ್ಲ.

ಸದ್ದು ಕೇಳಿ ಆಚೆ ಲಾರಿಯ ಹೆಂಗಸು ಒಳಗೆ ಓಡಿ ಬಂದಳು. ಅಲ್ಲಿ ಕಂಡದ್ದು ಏನು? ಕಂಬದ ಹತ್ತಿರ ನಾನೂ ಪಾರ್ಶ್ವನಾಥಯ್ಯನವರೂ, ಮೆಟ್ಟಿಲಿನ ಮೇಲೆ ನಮ್ಮವರೂ, ಮೂವರೂ ಬಲಮೊಣಕಾಲು ಹಿಡಿದುಕೊಂಡು ಕೂತಿದ್ದೇವೆ.

"ಒಂದು ಕಲ್ಲಿಗೆ ಮೂರು ವಿಮೆನಾ!" ಎಂದಳು ಕಣ್ಣರಳಿಸಿ. ತನ್ನ ವಿಮೆಯವನತ್ತ ಒಮ್ಮೆ ನೋಡಿದಳು. ಅವನು ಮುಖ ತೊಳೆಯಲು ಹೋದವನು ಹಾಗೆಯೇ ಎರಡು ಹೆಜ್ಜೆ ಹಿಂದಕ್ಕೆ ಸರಿದ. "ನಮಗೆ ಇನ್ನೊಂದು ಕಟ್ಟಡದಲ್ಲೂ ಸರದಿ ಇದೆ ಬಿಡಿ. ಅದು ಕೆಳಗಿನ ಮನೆ, ಮೆಟ್ಟಿಲೇ ಇಲ್ಲ," ಎಂದು ಸೆರಗಿನಲ್ಲಿದ್ದ ಅವರೆಕಾಳನ್ನು ನನ್ನ ಮಡಿಲಿಗೆ ಸುರಿದು ಹೊರಟಳು.

ಮಾದೇಶ ಅಳುಕುತ್ತ ಕೆಳಗೆ ಬಂದು, "ಸಾರ್, ಕಲ್ಲು ಮತ್ತೆ ಹೊರಬೇಕಾ?" ಎಂದು ಕೇಳಿದ.

"ಮುಟ್ಟಬೇಡ!" ಎಂದರು ಪಾರ್ಶ್ವನಾಥಯ್ಯನವರು. ಆಮೇಲೆ ಸಾವರಿಸಿಕೊಂಡು, ಕಾರ್ಯದರ್ಶಿಯ ದನಿಯಲ್ಲಿ, "ಸಾಮಾನು ಕಟ್ಟಡದ ಒಳಗಿದೆ. ಮೂರನೇ ಮಹಡಿಯಲ್ಲೇ ಇರಬೇಕು ಅಂತ ನಿಯಮ ಹೇಳೋದಿಲ್ಲ," ಎಂದರು.

ನಾನೂ ನಮ್ಮವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಲಿಫ್ಟಿನಲ್ಲಿ ಮೇಲೆ ಹೋದೆವು. ಲಿಫ್ಟಿನಲ್ಲಿ ಅವರು, "ತುಂಬಾ ನೋವಾ?" ಎಂದರು. "ನಿಮಗೆ?" ಎಂದೆ. ಅದನ್ನು ನಾನು ಕೇಳಿದ್ದಕ್ಕೆ ಅವರಿಗೆ ಅನುಮಾನ ಬಂದು ನನ್ನ ಹಣೆ ಮುಟ್ಟಿ ನೋಡಿದರು. ದೀಪ ಹಚ್ಚಿದೆ. ಬೀದಿಯ ದೀಪಗಳು ಇನ್ನೂ ಹತ್ತಿರಲಿಲ್ಲ. ಮನೆ ನಮ್ಮದಾಯಿತು.

ಆಮೇಲೆ ನಾನು ನೋವಿನ ಎಣ್ಣೆ ಹುಡುಕಿ ತೆಗೆದು, ನಮ್ಮವರನ್ನೂ ಕರೆದುಕೊಂಡು ಕೆಳಗಿನ ಮನೆಗೆ ಬಂದೆ. ಪಾರ್ಶ್ವನಾಥಯ್ಯನವರು ಬೇಡ ಬೇಡ ಎಂದರು. ಆದರೆ ಪೆಟ್ಟಿನ ವಿಷಯದಲ್ಲಿ ನಮ್ಮವರು ಯಾರ ಮಾತನ್ನೂ ಕೇಳುವವರಲ್ಲ. ಅವರನ್ನು ಕೂರಿಸಿ, ತೋಳು ಮಡಚಿ, ಮೊಣಕೈಗೆ ಎಣ್ಣೆ ಹಾಕಿ ನೀವತೊಡಗಿದರು.

"ನಿಮಗೆ ಮೊದಲೇ ಗೊತ್ತಿತ್ತಾ ಸಾರ್, ನಾನು ಸುಳ್ಳು ಕೂಗಿದ್ದು?" ಎಂದು ಕೇಳಿದೆ.

"ಬೆತ್ತ ಕಂಬಕ್ಕೆ ತಾಗೋ ಮೊದಲೇ ನೀವು ಅಯ್ಯೋ ಅಂದ್ರಲ್ಲಮ್ಮ."

"ಗೊತ್ತಿದ್ದೂ ಯಾಕೆ ಬಿಟ್ರಿ?"

"ಬಿಡಬಾರದು ಅಂತಲೇ ಇದ್ದೆ. ಅರಿಶಿನ ಕಂಡು ಒಂಚೂರು ಪಾಪ ಅನ್ನಿಸ್ತು, ಒಂದು ಸಾಮಾನು ನೋಡೋಣ ಅಂದ್ಕೊಂಡೆ. ಮಂಚ ಗುದ್ದಿದ ತಕ್ಷಣ ಮೊಣಕೈಗೆ ಬಿತ್ತು. ಎದ್ದು ನಿಮ್ಮನ್ನ ಕಳಿಸೋಣ ಅಂತ ಹೊರಟೆ. ಅಷ್ಟರಲ್ಲಿ ನೀವು ಅಯ್ಯೋ ಅಂದ್ರಿ." ತಮ್ಮ ಮೊಣಕೈ ನೋಡಿಕೊಂಡರು. "ಈ ಗೇಟಿಗೆ ಬರೋ ವಿಮೆಗಳಲ್ಲಿ ಎಷ್ಟೋ ಸರಿಯಾಗಿ ಹತ್ತೋದಿಲ್ಲಮ್ಮ. ಬಾಯಲ್ಲಿ ಹೇಳ್ತಾರೆ, ಅಷ್ಟೆ. ಎಲ್ಲರೂ ನಿಮ್ಮ ಯಜಮಾನರ ಹಾಗಿರ್ತಾರಾ? ಉಳಿದದ್ದನ್ನ ನಾನು ತಗೊಳ್ತೀನಿ. ಯಾರಿಗೂ ಗೊತ್ತಾಗೋದಿಲ್ಲ, ಹೇಳೋದೂ ಇಲ್ಲ. ಹಾಗಾಗಿ ನನಗೆ ಪೆಟ್ಟು ಬಿದ್ದಾಗ ಅಯ್ಯೋ ಅಂದೋರು ಇಷ್ಟು ವರ್ಷದಲ್ಲಿ ಯಾರೂ ಇರಲಿಲ್ಲ. ಇವತ್ತು ಬಿದ್ದ ಒಂದೊಂದಕ್ಕೂ ನೀವು ಅಂದ್ರಿ. ಸುಳ್ಳೇ ಇರಬಹುದು. ಕೇಳೋದಕ್ಕೆ ಹಿತವಾಗಿತ್ತು."

ನಮ್ಮವರು ತಲೆಯೆತ್ತದೆ ಇನ್ನಷ್ಟು ಎಣ್ಣೆ ಹಾಕಿ, ಊದಿಕೊಂಡ ಜಾಗಕ್ಕೆ ಬಂದು ಹೆಬ್ಬೆರಳಿನಿಂದ ಒತ್ತಿದರು. ಪಾರ್ಶ್ವನಾಥಯ್ಯನವರು ತುಟಿ ಬಿಗಿದುಕೊಂಡರು.

"ಒಳಗೆ ಇಟ್ಕೋಬೇಡಿ ಸಾರ್," ಎಂದೆ. "ಅಂದುಬಿಡಿ."

ಅವರು ಕಿಟಕಿಯ ಕಡೆ ನೋಡಿ ಹೊರಗೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು, ಆಮೇಲೆ ಮೆಲ್ಲಗೆ, ಹೊಸದಾಗಿ ಕಲಿತವರ ಹಾಗೆ, "ಅಯ್ಯೋ" ಎಂದರು.